ಮೊದಲ ಲೈಟ್ ಹೊತ್ತುವ ಮುಂಚೆ ಒಂದು ಸಹಿ ಬೇಕು

ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಅಧ್ಯಕ್ಷರಿಗೆ ಮತ್ತು ಪದಾಧಿಕಾರಿಗಳಿಗೆ, ರಾಜ್ಯ ಕಾರ್ಮಿಕ ಇಲಾಖೆಯ ಹಾಗೂ ವಿದ್ಯುತ್ ಪರಿವೀಕ್ಷಣಾಲಯದ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಲೈಟಿಂಗ್ ವಿಭಾಗದವನು. 24 ವರ್ಷದ ಹಿಂದೆ ಕೇಬಲ್ ಎಳೆಯುವ ಹುಡುಗನಾಗಿ ಸೇರಿದೆ. ಈಗ ಹತ್ತು ಹನ್ನೆರಡು ಹುಡುಗರನ್ನು ಕಟ್ಟಿಕೊಂಡು ಕೆಲಸ ಮಾಡಿಸುತ್ತೇನೆ. ಟೈಟಲ್ ಕಾರ್ಡಿನಲ್ಲಿ ಗ್ಯಾಫರ್ ಅಂತ ಹಾಕುತ್ತಾರೆ, ಹುಡುಗರು ಅಣ್ಣಾ ಅಂತಾರೆ. ಬೆಳಗಿನ ಜಾವ ಅವರನ್ನು ಮನೆಯಿಂದ ಹೊರಡಿಸುವವನು ನಾನು. ಪ್ಯಾಕಪ್ ಆದಮೇಲೆ ಮನೆ ಮುಟ್ಟಿದರಾ ಅಂತ ಫೋನ್ ಮಾಡುವವನೂ ನಾನೇ. ಯಾರಾದರೂ ಒಬ್ಬ ಫೋನ್ ಎತ್ತುವುದು ತಡವಾದರೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಈ ಪತ್ರ.

ಕೇಳುವುದು ಒಂದೇ. ಸಿನಿಮಾ ಇರಲಿ, ಧಾರಾವಾಹಿ ಇರಲಿ, ವೆಬ್ ಸೀರೀಸ್ ಇರಲಿ, ದಿನದ ಮೊದಲ ಲೈಟ್ ಹೊತ್ತುವ ಮುಂಚೆ ಲೈಸೆನ್ಸ್ ಇರುವ ಒಬ್ಬ ಎಲೆಕ್ಟ್ರಿಷಿಯನ್ ಎಲ್ಲವನ್ನೂ ಪರೀಕ್ಷೆ ಮಾಡಿ ಒಂದು ಹಾಳೆಗೆ ಸಹಿ ಹಾಕಬೇಕು. ಸಹಿ ಬೀಳುವವರೆಗೆ ಸ್ವಿಚ್ ಹಾಕಬಾರದು. ಶೂಟಿಂಗ್ ಮಧ್ಯೆ ಆ ಮನುಷ್ಯ 'ನಿಲ್ಲಿಸಿ' ಅಂದರೆ ನಿರ್ದೇಶಕರಾದರೂ ಸರಿ, ಹೀರೋ ಆದರೂ ಸರಿ, ನಿಲ್ಲಿಸಬೇಕು. ಚಿತ್ರೀಕರಣಕ್ಕೆ ಕೊಡುವ ಅನುಮತಿಯಲ್ಲೇ ಇದನ್ನು ಷರತ್ತಾಗಿ ಸೇರಿಸಿ.

ಯಾಕೆ ಇಷ್ಟು ಹಟ ಅಂತ ಹೇಳಬೇಕಲ್ಲ.

1989ರ ಫೆಬ್ರುವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೊ. ಟಿಪ್ಪು ಸುಲ್ತಾನ್ ಕುರಿತ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಬೆಂಕಿ ಹತ್ತಿಕೊಂಡು 62 ಜನ ಸತ್ತರು. ನಾನು ಆಗ ಇನ್ನೂ ಸ್ಕೂಲಿಗೆ ಹೋಗುತ್ತಿದ್ದೆ. ಫೀಲ್ಡಿಗೆ ಬಂದಮೇಲೆ ಹಿರಿಯ ಲೈಟ್‌ಮ್ಯಾನ್‌ಗಳು ಆ ದಿನದ ವಿಷಯ ತೆಗೆದಾಗಲೆಲ್ಲ ದನಿ ಇಳಿಸಿ ಮಾತಾಡುತ್ತಿದ್ದದ್ದು ನೆನಪಿದೆ. ಸಡಿಲ ವೈರಿಂಗ್ ಕಾರಣ ಅಂದರು. ಗೋಡೆಗೆ ಗೋಣಿ ತಾಟು ಹೊಡೆದಿದ್ದರು, ಗಾಳಿ ಹೋಗಲು ದಾರಿ ಇರಲಿಲ್ಲ, ಒಳಗೆ ದೊಡ್ಡ ದೊಡ್ಡ ಲೈಟ್‌ಗಳ ಕಾವು. ಬೆಂಕಿ ಆರಿಸುವ ಸಾಮಾನು ಇರಲಿಲ್ಲ ಅಂತಲೂ ವರದಿಯಾಯಿತು. ಇದರಲ್ಲಿ ಒಂದೂ ಯಾರಿಗೂ ಗೊತ್ತಿರದ ವಿಷಯ ಅಲ್ಲ. ಸೆಟ್ಟಿನೊಳಗೆ ಒಮ್ಮೆ ಸುತ್ತು ಹಾಕಿದ ಎಲೆಕ್ಟ್ರಿಷಿಯನ್‌ಗೆ ಕಣ್ಣಿಗೆ ಬೀಳುವಂಥವೇ ಎಲ್ಲ. 'ಇದು ಸರಿಯಿಲ್ಲ, ಶುರು ಮಾಡಬೇಡಿ' ಅನ್ನುವ ಅಧಿಕಾರ ಒಬ್ಬನಿಗೆ ಇದ್ದಿದ್ದರೆ ಏನಾಗುತ್ತಿತ್ತೋ ಅಂತ ನಾನು ಎಷ್ಟು ಸಲ ಯೋಚನೆ ಮಾಡಿದ್ದೇನೋ ಲೆಕ್ಕ ಇಲ್ಲ.

ಇನ್ನೊಂದು ಅಷ್ಟು ಹಳೆಯದಲ್ಲ. 2021ರ ಆಗಸ್ಟ್. ಬಿಡದಿ ಹತ್ತಿರದ ಹಳ್ಳಿಯೊಂದರಲ್ಲಿ ಫೈಟ್ ಸೀನ್. ಕ್ರೇನ್‌ನ ಲೋಹದ ಹಗ್ಗ ಮೇಲಿನ ಹೈಟೆನ್ಷನ್ ತಂತಿಗೆ ತಗುಲಿ ಒಬ್ಬ ಫೈಟರ್ ಪ್ರಾಣ ಬಿಟ್ಟರು, ಇನ್ನೊಬ್ಬರಿಗೆ ಗಾಯವಾಯಿತು. ಆಮೇಲೆ ಕೇಸು, ಬಂಧನ, ಟಿವಿ ಚರ್ಚೆ ಎಲ್ಲ ಆಯಿತು. ತಂತಿಯ ಎತ್ತರದ ಬಗ್ಗೆ ಮಾತ್ರ ಸರಿಯಾಗಿ ಮಾತಾಡಿದವರು ಕಡಿಮೆ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಮ್ಮ ದೇಶದ ನಿಯಮದ ಪ್ರಕಾರ 11 ಕೆವಿ (11 ಸಾವಿರ ವೋಲ್ಟ್) ತಂತಿ ರಸ್ತೆಗೆ ಅಡ್ಡ ಹೋಗುವಲ್ಲಿ ನೆಲದಿಂದ ಕನಿಷ್ಠ 6.1 ಮೀಟರ್ ಮೇಲಿರಬೇಕು, ಅಂದರೆ ಸುಮಾರು 20 ಅಡಿ. ರಸ್ತೆ ಬಿಟ್ಟು ಹೊಲ, ತೋಟದಲ್ಲಿ 4.6 ಮೀಟರ್ ಇದ್ದರೂ ಸಾಕು. 15 ಅಡಿ! ನಾವು ಲೊಕೇಶನ್ ಅಂತ ಹುಡುಕಿಕೊಂಡು ಹೋಗುವುದೇ ಹೊಲಕ್ಕೆ, ತೋಟಕ್ಕೆ. ಅಲ್ಲಿ ನಿಲ್ಲಿಸುವ ಕ್ರೇನ್ 40 ಅಡಿಗೂ ಜಾಸ್ತಿ ಎತ್ತರ ಹೋಗುತ್ತದೆ. ಚಂದ್ರನ ಬೆಳಕು ಬೇಕು ಅಂತ ಅದೇ ಕ್ರೇನ್‌ಗೆ ದೊಡ್ಡ ಲೈಟ್ ಕಟ್ಟಿ ಮೇಲೆ ಕಳಿಸುತ್ತೇವೆ. ತಂತಿ ಎಲ್ಲ ನಿಯಮದ ಪ್ರಕಾರವೇ ಇದ್ದರೂ ಕ್ರೇನ್ ಅದನ್ನು ದಾಟಿ ಹೋಗುತ್ತದೆ ಅಂತಾಯಿತು. ಆ ತಂತಿಗೆ ಮೇಲೊಂದು ಹೊದಿಕೆ ಇರುತ್ತದೆ ಅಂತ ನಮ್ಮ ಎಷ್ಟೋ ಹುಡುಗರು ನಂಬಿದ್ದಾರೆ. ಇಲ್ಲ, ಅದು ಬರೀ ತಂತಿ. ರಾತ್ರಿ ಹೊತ್ತು ಕೆಳಗೆ ಲೈಟ್ ಜೋರಾಗಿ ಉರಿಯುತ್ತಿದ್ದರೆ ಮೇಲಿನ ಕತ್ತಲಲ್ಲಿ ಅದು ಕಾಣುವುದೂ ಇಲ್ಲ.

ಲೊಕೇಶನ್ ನೋಡಲು ಹೋಗುವಾಗ ಕ್ಯಾಮೆರಾಮನ್ ಹೋಗುತ್ತಾರೆ, ಆರ್ಟ್ ಡೈರೆಕ್ಟರ್ ಹೋಗುತ್ತಾರೆ, ಮ್ಯಾನೇಜರ್ ಹೋಗುತ್ತಾರೆ. ಗ್ಯಾಫರ್ ಹೋಗುವುದು ದೊಡ್ಡ ಸಿನಿಮಾಗಳಲ್ಲಿ ಮಾತ್ರ. ತಲೆ ಎತ್ತಿ ತಂತಿ ನೋಡುವವನು ಅಲ್ಲಿ ಇರುವುದೇ ಇಲ್ಲ. ತಂತಿ ಹತ್ತಿರದಲ್ಲಿ ಇದ್ದರೆ ಎರಡೇ ದಾರಿ. ಬೆಸ್ಕಾಂಗೋ ಆಯಾ ಜಿಲ್ಲೆಯ ವಿದ್ಯುತ್ ಕಂಪನಿಗೋ ಮುಂಚೆಯೇ ಅರ್ಜಿ ಕೊಟ್ಟು, ಅವರು ಲೈನ್ ಆಫ್ ಮಾಡಿ ಬರೆದುಕೊಡುವವರೆಗೆ ಕಾಯಬೇಕು. ಆಗದಿದ್ದರೆ ಕ್ರೇನ್ ಪೂರ್ತಿ ಚಾಚಿದರೂ, ಮಗುಚಿ ಬಿದ್ದರೂ ತಂತಿ ಸಿಗದಷ್ಟು ದೂರಕ್ಕೆ ಹೋಗಬೇಕು. 'ಲೈನ್‌ಮ್ಯಾನ್ ನನಗೆ ಗೊತ್ತು, ಫೋನ್ ಮಾಡಿದ್ದೀನಿ, ತೆಗೀತಾನೆ' ಅನ್ನುವುದು ಅನುಮತಿ ಅಲ್ಲ. ಕರೆಂಟ್ ಹೋಗಿದೆ ಅಂದುಕೊಂಡ ಲೈನ್‌ಗೆ ಐದು ನಿಮಿಷದಲ್ಲಿ ಕರೆಂಟ್ ಬಂದದ್ದನ್ನು ನಾನೇ ನೋಡಿದ್ದೇನೆ.

ಈಗ ನನ್ನದೇ ಒಂದು ಕಥೆ. ಯಾವ ಸಿನಿಮಾ, ಯಾರ ಯೂನಿಟ್ ಅಂತ ಹೇಳುವುದಿಲ್ಲ. ಹೇಳಿದರೆ ಅವರೊಬ್ಬರದೇ ತಪ್ಪು ಅನ್ನಿಸುತ್ತದೆ. ಆ ತಪ್ಪು ಅವತ್ತು ಎಲ್ಲರೂ ಮಾಡುತ್ತಿದ್ದದ್ದು.

ಮಲೆನಾಡಿನ ಒಂದು ಹಳೇ ಮನೆ. ರಾತ್ರಿ ಶೂಟಿಂಗ್, ಮಳೆ ಎಫೆಕ್ಟ್. ಟ್ಯಾಂಕರ್ ನೀರು ಪೈಪಿನಿಂದ ಸುರಿಯುತ್ತಿದೆ. ಅಂಗಳದಲ್ಲಿ ಕಾಲು ಮುಳುಗುವಷ್ಟು ಕೆಸರು. ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು, ಅದೂ ಜಾರುತ್ತದೆ ಅಂತ ಬಿಟ್ಟಿದ್ದೆ. ಜಗುಲಿ ಹತ್ತಿರ ಒಂದು ಲೈಟ್ ಸ್ವಲ್ಪ ತಿರುಗಿಸಿ ಅಂದರು. ಹೋಗಿ ಎಡಗೈಯಲ್ಲಿ ಸ್ಟ್ಯಾಂಡ್ ಹಿಡಿದೆ.

ಹಿಡಿದ ಕೈ ಬಿಡಲಿಲ್ಲ. ಜನ ಇದನ್ನು 'ಕರೆಂಟ್ ಎಳೆದುಕೊಂಡಿತು' ಅಂತಾರೆ. ಅದು ಎಳೆಯುವುದಿಲ್ಲ. ನಮ್ಮ ಬೆರಳಿನ ಸ್ನಾಯುಗಳೇ ಗಟ್ಟಿಯಾಗಿ ಮುಚ್ಚಿಕೊಂಡು ಬಿಡುತ್ತವೆ. ಕೂಗಬೇಕು ಅನ್ನಿಸುತ್ತದೆ, ಬಾಯಿ ಬರುವುದಿಲ್ಲ. ಮಳೆ ಸದ್ದಿನಲ್ಲಿ ಯಾರಿಗೂ ಗೊತ್ತೂ ಆಗಲಿಲ್ಲ. ನನ್ನ ಜೊತೆಯ ಹುಡುಗ ಒಬ್ಬ ಲೈಟ್ ನಡುಗುವುದನ್ನು ನೋಡಿ ಅನುಮಾನ ಬಂದು ಜನರೇಟರ್ ಕಡೆ ಕೂಗಿದ. ಆಪರೇಟರ್ ಮೇನ್ ಇಳಿಸಿದರು. ನಾನು ಕೆಸರಿಗೆ ಬಿದ್ದೆ. ಎಷ್ಟು ಸೆಕೆಂಡ್ ಅಂತ ಗೊತ್ತಿಲ್ಲ. ಎಡಗೈಯ ಎರಡು ಬೆರಳಿನಲ್ಲಿ ಕಲೆ ಇನ್ನೂ ಇದೆ.

ಮಾರನೇ ದಿನ ಪ್ಲಗ್ ಬಿಚ್ಚಿ ನೋಡಿದೆ. ಅರ್ತ್ ಪಿನ್ ಇರಲಿಲ್ಲ. ಎರಡು ತೂತಿನ ಸಾಕೆಟ್‌ಗೆ ಹೋಗಲಿ ಅಂತ ಯಾರೋ ಕತ್ತರಿಸಿ ಹಾಕಿದ್ದರು. ಲೈಟ್ ಒಳಗೆ ಕಾವಿಗೆ ಒಂದು ವೈರಿನ ಸಿಪ್ಪೆ ಸುಟ್ಟು ಲೈಟಿನ ಲೋಹದ ಮೈಗೆ ತಗುಲಿತ್ತು. ಅರ್ತ್ ಇದ್ದಿದ್ದರೆ ಆ ಕರೆಂಟ್ ಅರ್ತ್ ವೈರಿನ ದಾರಿ ಹಿಡಿದು ಫ್ಯೂಸ್ ಹೋಗುತ್ತಿತ್ತು. ಇರಲಿಲ್ಲವಾದ್ದರಿಂದ ಅದು ನನ್ನನ್ನು ಕಾಯುತ್ತಾ ಸ್ಟ್ಯಾಂಡ್‌ನಲ್ಲೇ ಇತ್ತು.

ಎಷ್ಟು ಕರೆಂಟ್ ಸಾಕು ಗೊತ್ತಾ? ಒಂದು ಆಂಪಿಯರ್‌ನ ಸಾವಿರದಲ್ಲಿ ಒಂದು ಭಾಗ ಮಿಲಿಆಂಪಿಯರ್. ಹತ್ತು ಇಪ್ಪತ್ತು ಮಿಲಿಆಂಪಿಯರ್ ಮೈಯಲ್ಲಿ ಹರಿದರೆ ಹಿಡಿದ ಕೈ ಬಿಡಲಾಗುವುದಿಲ್ಲ. ಐವತ್ತು ನೂರರ ಹೊತ್ತಿಗೆ ಹೃದಯ ಲಯ ತಪ್ಪಬಹುದು. ನಮ್ಮ ಬೋರ್ಡಿನ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, 32 ಆಂಪಿಯರ್‌ನದು. ಒಬ್ಬ ಮನುಷ್ಯ ಸಾಯುತ್ತಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದು ಇರುವುದು ಕೇಬಲ್ ಉಳಿಸಲಿಕ್ಕೆ. ಮನುಷ್ಯನನ್ನು ಉಳಿಸಲಿಕ್ಕೆ ಇರುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. ನೂರು ಜನರ ಯೂನಿಟ್‌ನ ಒಂದು ದಿನದ ಊಟದ ಖರ್ಚಿಗಿಂತ ಕಡಿಮೆಗೆ ಒಂದು ಸಿಗುತ್ತದೆ.

ಆರ್‌ಸಿಸಿಬಿ ನಮ್ಮ ಹತ್ತಿರ ಇದೆಯಲ್ಲ ಅಂತ ಯೂನಿಟ್ ಮಾಲೀಕರು ಹೇಳುತ್ತಾರೆ. ಇದೆ, ನಿಜ. ಅಲ್ಲೇ ನನ್ನ ಭಯ ಇರುವುದು.

ಒಂದು, ಹಗಲಿನಂಥ ಬೆಳಕು ಕೊಡುವ ದೊಡ್ಡ ಎಚ್‌ಎಂಐ ಲೈಟ್‌ಗಳ ಎಲೆಕ್ಟ್ರಾನಿಕ್ ಬ್ಯಾಲಸ್ಟ್ (ಲೈಟ್‌ಗೆ ಕರೆಂಟ್ ಹದಮಾಡಿ ಕೊಡುವ ಪೆಟ್ಟಿಗೆ) ಸರಿಯಾಗಿದ್ದಾಗಲೂ ಅರ್ತ್‌ಗೆ ಸ್ವಲ್ಪ ಕರೆಂಟ್ ಬಿಡುತ್ತದೆ. ನಾಲ್ಕೈದು ಲೈಟ್ ಒಂದೇ ಆರ್‌ಸಿಸಿಬಿ ಮೇಲೆ ಹಾಕಿದರೆ ಎಲ್ಲ ಸೇರಿ ಅದು ಬೀಳುತ್ತದೆ. ಶಾಟ್ ಮಧ್ಯೆ ಕತ್ತಲಾಗುತ್ತದೆ. ಎಲ್ಲರೂ ನಮ್ಮ ಮೇಲೆ ಕೂಗಾಡುತ್ತಾರೆ. ಎರಡು ಸಲ ಹೀಗಾದರೆ ಮೂರನೇ ಸಲ ಯಾರೋ ಒಬ್ಬ ಅದನ್ನು ಬೈಪಾಸ್ ಮಾಡಿ ನೇರ ಕೊಟ್ಟುಬಿಡುತ್ತಾನೆ. ಅವತ್ತಿನಿಂದ ಆ ಡಬ್ಬಿ ಸುಮ್ನೆ ಬೋರ್ಡ್ ಮೇಲೆ ಕೂತಿರುತ್ತದೆ. ಪರಿಹಾರ ಸುಲಭ. ಲೈಟ್‌ಗಳನ್ನು ಬೇರೆ ಬೇರೆ ಲೈನ್‌ಗೆ ಹಂಚಿ, ಒಂದೊಂದಕ್ಕೂ ಒಂದೊಂದು ಆರ್‌ಸಿಸಿಬಿ ಕೊಡಬೇಕು. ಮೇನ್‌ನಲ್ಲಿ ಸ್ವಲ್ಪ ತಡವಾಗಿ ಬೀಳುವ, ಹೆಚ್ಚಿನ ಮಿತಿಯದು ಇರಬೇಕು.

ಇನ್ನೊಂದು ಜನರೇಟರ್‌ದು. ಇದನ್ನು ಪರಿವೀಕ್ಷಣಾಲಯದವರು ದಯವಿಟ್ಟು ಗಮನಿಸಬೇಕು. ಜನರೇಟರ್‌ನ ನ್ಯೂಟ್ರಲ್ ಅನ್ನು, ಅಂದರೆ ಕರೆಂಟ್ ವಾಪಸ್ ಬರುವ ವೈರನ್ನು, ಅರ್ತ್‌ಗೆ ಸೇರಿಸದೆ ಬಿಟ್ಟರೆ, ಲೈಟಿನ ಲೋಹದ ಮೈಗೆ ಕರೆಂಟ್ ಸೋರಿದರೂ ವಾಪಸ್ ಹೋಗಲು ಅದಕ್ಕೆ ದಾರಿ ಇರುವುದಿಲ್ಲ. ಆಗ ಆರ್‌ಸಿಸಿಬಿ ಬೀಳುವುದಿಲ್ಲ. ಇನ್ನೊಂದು ಕಡೆ ಇನ್ನೊಂದು ವೈರ್ ಸೋರಿತು ಅಂದರೆ ಆ ಎರಡರ ನಡುವೆ ಸಿಕ್ಕವನ ಗತಿ ಮುಗಿಯಿತು. ಮೋಸ ಎಲ್ಲಿದೆ ಅಂದರೆ, ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಆಗಲೂ ಅದು ಟಪ್ ಅಂತ ಬೀಳುತ್ತದೆ. ಬಟನ್ ನೋಡುವುದು ಆ ಡಬ್ಬಿ ಕೆಲಸ ಮಾಡುತ್ತಿದೆಯಾ ಅಂತ ಮಾತ್ರ. ಅರ್ತ್ ಇದೆಯಾ ಅಂತ ನೋಡುವುದಿಲ್ಲ. ಅದಕ್ಕೇ ಹುಡುಗರು ಬಟನ್ ಒತ್ತಿದರೆ ಸಾಲದು. ಸರಿಯಾದ ಮೀಟರ್ ಹಿಡಿದು, ಸಾಕೆಟ್ ಹತ್ತಿರ ನಿಂತು ಅಳೆಯಲು ಗೊತ್ತಿರುವ ಒಬ್ಬ ಬೇಕು. ಲೈಸೆನ್ಸ್ ಇರುವವರೇ ಬೇಕು ಅಂತ ಕೇಳುತ್ತಿರುವುದು ಇದಕ್ಕೆ.

ಜನರೇಟರ್ ವ್ಯಾನ್ ಬಂದು ನಿಂತ ತಕ್ಷಣ ಎಷ್ಟು ಜನ ನೆಲಕ್ಕೆ ಅರ್ತ್ ರಾಡ್ (ಲೋಹದ ಕಂಬಿ) ಹೊಡೆಯುತ್ತಾರೆ ಅಂತ ನೋಡಿ. ಬಂಡೆ ಇದೆ, ಕಾಂಕ್ರೀಟ್ ಇದೆ, ಟೈಮ್ ಇಲ್ಲ. ವೈರನ್ನು ಪಕ್ಕದ ಗೇಟಿಗೋ ಬೇಲಿ ಕಂಬಿಗೋ ಸುತ್ತಿ 'ಅರ್ತ್ ಆಯ್ತು' ಅಂತಾರೆ. ಆ ಗೇಟನ್ನು ಊರಿನ ಮಕ್ಕಳು ಹಿಡಿದುಕೊಂಡು ಶೂಟಿಂಗ್ ನೋಡುತ್ತಾ ನಿಂತಿರುತ್ತಾರೆ.

ಈಗೆಲ್ಲ ಎಲ್ಇಡಿ ಬಂದಿದೆ, ಅಪಾಯ ಕಡಿಮೆ ಆಯಿತು ಅನ್ನುವವರಿದ್ದಾರೆ. ಕರೆಂಟ್ ಕಡಿಮೆ ಎಳೆಯುತ್ತದೆ, ಕಾವು ಕಡಿಮೆ, ಒಪ್ಪುತ್ತೇನೆ. ಒಂದು 18ಕೆ (18 ಸಾವಿರ ವ್ಯಾಟ್) ಎಚ್‌ಎಂಐ 80 ಆಂಪಿಯರ್ ಹತ್ತಿರ ಎಳೆಯುತ್ತಿತ್ತು. ಆದರೆ ಎಲ್ಇಡಿಯೂ ನಡೆಯುವುದು ಅದೇ 230 ವೋಲ್ಟ್‌ನಲ್ಲಿ. ಇನ್ನೊಂದು ಬದಲಾವಣೆ ಆಗಿದೆ. ಲೈಟ್ ಚಿಕ್ಕದಾಯಿತು, ಹಾಗಾಗಿ ಜನರೇಟರ್ ಬೇಡ, ಲೈಟ್‌ಮ್ಯಾನ್ ಬೇಡ ಅಂತ ಎಷ್ಟೋ ತಂಡಗಳು ಬಾಡಿಗೆ ಮನೆಯ ಗೋಡೆ ಸಾಕೆಟ್‌ನಲ್ಲೇ ಶೂಟ್ ಮಾಡುತ್ತವೆ. 16 ಆಂಪಿಯರ್ ಸಾಕೆಟ್ ತಡೆಯುವುದು ಮೂರೂವರೆ ಕಿಲೋವ್ಯಾಟ್ ಸುಮಾರು. ಅದಕ್ಕೆ ಎಕ್ಸ್‌ಟೆನ್ಷನ್, ಅದರ ತಲೆಗೆ ಇನ್ನೊಂದು ಎಕ್ಸ್‌ಟೆನ್ಷನ್. ಉಳಿದ ವೈರನ್ನು ಸುರುಳಿ ಸುತ್ತಿ ಸೋಫಾ ಕೆಳಗೆ ತಳ್ಳಿರುತ್ತಾರೆ. ಸುರುಳಿಯಲ್ಲಿರುವ ವೈರಿನ ಕಾವು ಹೊರಗೆ ಹೋಗುವುದಿಲ್ಲ, ಒಳಗೊಳಗೇ ಕರಗುತ್ತದೆ.

ಪ್ಲಗ್ ಸಿಗದಿದ್ದರೆ ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು. ವೈರಿನ ತುದಿ ಹಲ್ಲಲ್ಲಿ ಸುಲಿದು, ತಾಮ್ರವನ್ನು ತಿರುಚಿ, ಸಾಕೆಟ್ ತೂತಿಗೆ ತುರುಕಿ, ಬೀಳದಿರಲಿ ಅಂತ ಎರಡು ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಹೋದ ವರ್ಷ ಒಂದು ಸೆಟ್ಟಿಗೆ ಬರೀ ಸಲಹೆಗೆ ಅಂತ ಕರೆದಿದ್ದರು. ಮೇಕಪ್ ರೂಮಿನಲ್ಲಿ ಹೀಗೇ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಪಕ್ಕದಲ್ಲಿ ಹೇರ್ ಸ್ಪ್ರೇ ಡಬ್ಬಿ, ಕೆಳಗೆ ಆರು ವರ್ಷದ ಬಾಲನಟಿ ಕೂತು ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಳು. ನಾನು ಮೊದಲು ಸ್ವಿಚ್ ಆಫ್ ಮಾಡಿದೆ, ಆಮೇಲೆ ಮಾತಾಡಿದೆ.

ಎತ್ತರದ ಕೆಲಸವನ್ನೂ ಇದರ ಜೊತೆಗೇ ನೋಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರಗೆ ಅಡಕಮಾರನಹಳ್ಳಿಯ ಸೆಟ್‌ನಲ್ಲಿ ಒಬ್ಬ ಲೈಟ್ ಬಾಯ್ ಏಣಿಯಿಂದ ಬಿದ್ದು ತೀರಿಹೋದ. 2020ರ ಫೆಬ್ರುವರಿಯಲ್ಲಿ ಚೆನ್ನೈ ಹತ್ತಿರ ಕ್ರೇನ್ ಮಗುಚಿ ಮೂವರು ಸತ್ತರು. ಅಲ್ಯೂಮಿನಿಯಂ ಏಣಿ ಕರೆಂಟಿಗೆ ಒಳ್ಳೆಯ ದಾರಿ. ಮೇಲೆ ಸಣ್ಣ ಶಾಕ್ ಹೊಡೆದರೂ ಸಾಕು, ಸಾಯಿಸುವುದು ಬೀಳುವ ಎತ್ತರ. ಬೆಲ್ಟ್, ಹೆಲ್ಮೆಟ್ ಕೇಳಿದರೆ ನಮ್ಮ ಹುಡುಗರಿಗೆ ಇವತ್ತಿಗೂ ಸಿಗುವ ಉತ್ತರ 'ಎರಡು ನಿಮಿಷದ ಕೆಲಸ ಅಲ್ವಾ?'

ಹಾಗಾದರೆ ನೀವು ಲೈಟ್‌ಮ್ಯಾನ್‌ಗಳೇ 'ಬೇಡ, ಇದು ಅಪಾಯ' ಅನ್ನಬಹುದಲ್ಲ ಅಂತ ಕೇಳಬಹುದು. ನಾನೂ ಎಷ್ಟೋ ಸಲ ಬಾಯಿ ಬಿಟ್ಟಿಲ್ಲ, ಒಪ್ಪಿಕೊಳ್ಳುತ್ತೇನೆ. ದಿನಗೂಲಿ ಮೇಲೆ ಬದುಕುವವನು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನು, ರಾತ್ರಿ ಎಲ್ಲರಿಗಿಂತ ಕೊನೆಗೆ ಹೋಗುವವನು, ಸೂರ್ಯ ಮುಳುಗುತ್ತಿರುವಾಗ ನೂರು ಜನ ಕಾಯುತ್ತಿರುವ ಹೊತ್ತಲ್ಲಿ 'ಸರ್, ಈ ಕೇಬಲ್ ಸರಿಯಿಲ್ಲ' ಅನ್ನಬೇಕು. ಅಂದರೆ ನಾಳೆ ಅವನಿಗೆ ಕರೆ ಬರುವುದಿಲ್ಲ. ಹದಿನಾರು ಗಂಟೆ ದುಡಿದ ಮೇಲೆ ಕಣ್ಣಿಗೆ ತಪ್ಪು ಕಾಣುವುದೂ ಇಲ್ಲ. ಧೈರ್ಯ ಇರುವ ಹುಡುಗರನ್ನು ಹುಡುಕಿ ಇದು ಸರಿಹೋಗುವುದಿಲ್ಲ. ಬೇಡ ಅನ್ನುವುದೇ ಒಬ್ಬನ ಕೆಲಸ ಆಗಬೇಕು. ಅವನ ಸಂಬಳ ಬರುವುದೇ ಅದಕ್ಕೆ ಅಂತ ಸೆಟ್‌ನಲ್ಲಿ ಎಲ್ಲರಿಗೂ ಗೊತ್ತಿರಬೇಕು.

ಬ್ರಿಟನ್‌ನಲ್ಲಿ ಮನರಂಜನೆ ಕ್ಷೇತ್ರದ ತಾತ್ಕಾಲಿಕ ವಿದ್ಯುತ್ ವ್ಯವಸ್ಥೆಗೆ ಬಿಎಸ್ 7909 ಅಂತ ಒಂದು ಪ್ರತ್ಯೇಕ ಮಾನದಂಡವೇ ಇದೆ. ಅದರಲ್ಲಿ ಜವಾಬ್ದಾರಿ ಹೊರುವ ಒಬ್ಬ ವ್ಯಕ್ತಿಯನ್ನು ಹೆಸರಿಸಬೇಕು, ಪರೀಕ್ಷೆ ಮುಗಿಸಿ ಪ್ರಮಾಣಪತ್ರ ಬರೆಯಬೇಕು. ನಮ್ಮಲ್ಲಿ ಮದುವೆ ಪೆಂಡಾಲ್, ಗಣೇಶನ ಪೆಂಡಾಲ್‌ಗೆ ತಾತ್ಕಾಲಿಕ ಕನೆಕ್ಷನ್ ತೆಗೆದುಕೊಳ್ಳುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ ಕೇಳುತ್ತಾರೆ. ಜನರೇಟರ್ ತಂದುಕೊಂಡ ಶೂಟಿಂಗ್‌ಗೆ ಮಾತ್ರ ಸಹಿ ಕೇಳುವವರು ಯಾರೂ ಬರುವುದಿಲ್ಲ.

ಹಾಳೆ ಒಂದೇ ಪುಟ ಸಾಕು. ಅರ್ತ್ ಅಳೆದಾಗ ಎಷ್ಟು ಬಂತು, ಆರ್‌ಸಿಸಿಬಿ ಎಷ್ಟು ಹೊತ್ತಿಗೆ ಬಿತ್ತು, ಯಾವ ಕೇಬಲ್ ಪಕ್ಕಕ್ಕಿಟ್ಟಿರಿ, ಮೇಲೆ ತಂತಿ ಇದೆಯಾ, ಇದ್ದರೆ ಕ್ರೇನ್ ಎಷ್ಟು ದೂರ. ನೀರಿನ ಸೀನ್ ಇದೆಯಾ, ಇದ್ದರೆ ಯಾವ ಲೈಟ್ ಎಲ್ಲಿ ನಿಲ್ಲುತ್ತದೆ. ಹತ್ತಿರದ ಆಸ್ಪತ್ರೆ ಯಾವುದು. ಕೊನೆಯಲ್ಲಿ ಸಹಿ, ಲೈಸೆನ್ಸ್ ನಂಬರ್, ಹೊತ್ತು. ಇದಕ್ಕೆ ಬೆಳಿಗ್ಗೆ ಅರ್ಧ ಗಂಟೆ ಬೇಕು. ಕ್ಯಾಮೆರಾಗೆ ಪೂಜೆ ಮಾಡಿ, ತಿಂಡಿ ತಿಂದು, ಮೇಕಪ್ ಮುಗಿಯುವಷ್ಟರಲ್ಲಿ ಇದೂ ಮುಗಿಯುತ್ತದೆ.

ಆ ಹಾಳೆಯ ಜೊತೆ ಇನ್ನೊಂದು ಬೇಕು. ಸೆಟ್‌ನಲ್ಲಿ ಕನಿಷ್ಠ ಇಬ್ಬರಿಗೆ ಎದೆ ಒತ್ತಿ ಪ್ರಾಣ ಉಳಿಸುವ ಸಿಪಿಆರ್ ಬರಬೇಕು. ಶಾಕ್ ಹೊಡೆದವನ ಹೃದಯ ಎಷ್ಟೋ ಸಲ ನಿಂತಿರುವುದಿಲ್ಲ, ಲಯ ತಪ್ಪಿ ನಡುಗುತ್ತಿರುತ್ತದೆ. ಎಇಡಿ ಅನ್ನುವ ಪುಟ್ಟ ಯಂತ್ರದಿಂದ ಅದನ್ನು ಮತ್ತೆ ಸರಿದಾರಿಗೆ ತರಬಹುದು, ಆದರೆ ಒಂದೊಂದು ನಿಮಿಷ ತಡವಾದಂತೆ ಅವನು ಉಳಿಯುವ ಸಾಧ್ಯತೆ ಕುಸಿಯುತ್ತದೆ. ಹಳ್ಳಿ ಲೊಕೇಶನ್‌ಗೆ ಆಂಬುಲೆನ್ಸ್ ಬರುವಷ್ಟು ಹೊತ್ತು ಅವನ ಹತ್ತಿರ ಇಲ್ಲ. ಅಪ್ಪು ಸರ್ ಹೆಸರಿನಲ್ಲಿ ಸರ್ಕಾರ ಹೃದಯಾಘಾತದ ತುರ್ತು ಚಿಕಿತ್ಸೆಗೆ ಹೃದಯ ಜ್ಯೋತಿ ಯೋಜನೆ ನಡೆಸುತ್ತಿದೆ. ಅವರು ದುಡಿದ ಸೆಟ್ಟುಗಳಿಗೂ ಅದು ತಲುಪಲಿ. ಬಾಡಿಗೆಗೆ ಕೊಡುವ ಪ್ರತಿ ಯೂನಿಟ್ ವ್ಯಾನ್‌ನಲ್ಲಿ ಒಂದು ಎಇಡಿ ಇರಲಿ.

2024ರಲ್ಲಿ ರಾಜ್ಯ ಸರ್ಕಾರ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಅಂತ ಕಾಯ್ದೆ ತಂದಿತು, ಟಿಕೆಟ್ ಮೇಲಿನ ಸೆಸ್‌ನಿಂದ ನಿಧಿ ಕಟ್ಟುವ ದಾರಿ ಮಾಡಿತು. ನಮ್ಮಂಥವರಿಗೆ ಅದು ದೊಡ್ಡ ವಿಷಯ, ಮನಸಾರೆ ಕೃತಜ್ಞತೆ ಹೇಳುತ್ತೇನೆ. ಆ ನಿಧಿಯ ಒಂದು ಪಾಲು ಸತ್ತ ಮೇಲಿನ ಪರಿಹಾರಕ್ಕೆ ಹೋಗುವ ಮುಂಚೆ ತರಬೇತಿಗೆ ಬರಲಿ. ಲೈಟ್‌ಮ್ಯಾನ್ ಕಾರ್ಡ್ ಕೊಡುವ ಮುಂಚೆ ಹುಡುಗನಿಗೆ ಎರಡು ದಿನ ಅರ್ತ್ ಅಂದರೇನು, ನ್ಯೂಟ್ರಲ್ ಅಂದರೇನು, ಬಿದ್ದವನನ್ನು ಮುಟ್ಟುವ ಮುಂಚೆ ಏನು ಮಾಡಬೇಕು ಅಂತ ಕಲಿಸಿ. ಕಲಿಸಲು ನಮ್ಮಲ್ಲೇ ಹಿರಿಯರಿದ್ದಾರೆ. ದಿನದ ಬಾಟಾ (ಭತ್ಯೆ) ಕೊಟ್ಟರೆ ಹುಡುಗರೂ ಬರುತ್ತಾರೆ.

ನಿರ್ಮಾಪಕರ ಕಷ್ಟ ನನಗೆ ಗೊತ್ತು. ಸಣ್ಣ ಬಜೆಟ್‌ನವರು ಬಡ್ಡಿಗೆ ದುಡ್ಡು ತಂದು ಸಿನಿಮಾ ಮಾಡುತ್ತಾರೆ. ಒಬ್ಬ ಎಲೆಕ್ಟ್ರಿಷಿಯನ್‌ನ ದಿನದ ಸಂಬಳ ಅವರಿಗೂ ಭಾರವೇ. ಹಾಗಾಗಿ ಮಂಡಳಿಯೇ ಹತ್ತು ಹದಿನೈದು ಜನ ಲೈಸೆನ್ಸ್ ಇರುವವರ ಪಟ್ಟಿ ಮಾಡಿ, ದರ ನಿಗದಿ ಮಾಡಲಿ. ಸಣ್ಣ ಚಿತ್ರಗಳಿಗೆ ಅರ್ಧ ಹಣವನ್ನು ನಿಧಿಯಿಂದ ಕೊಡಲಿ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಈ ನಾಲ್ಕು ಕಡೆಯಿಂದ ಶುರುವಾದರೆ ಬಹುಪಾಲು ಶೂಟಿಂಗ್‌ಗೆ ಮುಟ್ಟುತ್ತದೆ.

ಹಾಳೆಯ ಒಂದು ಮಾದರಿಯನ್ನು ನಾನೇ ಬರೆದು ಈ ಪತ್ರದ ಜೊತೆ ಮಂಡಳಿಯ ಕಚೇರಿಗೆ ಕೊಟ್ಟಿದ್ದೇನೆ. ಕಳೆದ ಎರಡು ವರ್ಷದಿಂದ ನನ್ನ ಹುಡುಗರು ಕೆಲಸ ಮಾಡುವ ಕಡೆಯಲ್ಲೆಲ್ಲ ಅದನ್ನೇ ತುಂಬುತ್ತಿದ್ದೇವೆ. ಎರಡು ಸಲ ನಿರ್ಮಾಪಕರು ಬೇಸರ ಮಾಡಿಕೊಂಡರು, ಒಂದು ಕಡೆ ಕೆಲಸ ಹೋಯಿತು. ಏಳು ಕಡೆ ಕತ್ತರಿಸಿದ ಅರ್ತ್ ಪಿನ್ ಸಿಕ್ಕಿದವು. ಅವನ್ನೆಲ್ಲ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ನೀವು ಸಭೆಗೆ ಕರೆದ ದಿನ ಡಬ್ಬಿಯನ್ನೂ ಮೀಟರನ್ನೂ ತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಲೈಟ್‌ಮ್ಯಾನ್